ಹಳದಿ ಗೆರೆ ದಾಟಿದ ಅಕ್ಕ

ಅಕ್ಕನ ಬಾಯಿ ಎಂದರೆ ಬಾಯಿ. ಹೋಟೆಲುಗಳ ಹಾಸಿಗೆ ಬಟ್ಟೆಯನ್ನೆಲ್ಲ ಒಗೆಯುವ ಆ ದೊಡ್ಡ ಲಾಂಡ್ರಿಯಲ್ಲಿ ಯಂತ್ರಗಳ ಸದ್ದನ್ನೂ ಮೀರಿಸಿ ಕೇಳುತ್ತಿದ್ದದ್ದು ಅವಳ ಗಂಟಲೊಂದೇ. ತಾಯಿ ಕಣ್ಣುಮುಚ್ಚಿದ ಮೇಲೆ ಎಳೆಗೂಸು ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಕೆಲಸಕ್ಕೆ ಸೇರಿದವಳು. ಯಾರಾದರೂ ಮದುವೆಯ ಮಾತೆತ್ತಿದರೆ, "ಒಬ್ಬ ಗಂಡಸನ್ನ ಸಾಕ್ತಿದೀನಲ್ಲ, ಇನ್ನೊಬ್ಬ ಯಾಕೆ?" ಎಂದು ನಕ್ಕುಬಿಡುತ್ತಿದ್ದಳು. ತಮ್ಮ ಬೆಳೆದ, ಅದೇ ಲಾಂಡ್ರಿಯಲ್ಲಿ ಬಾಯ್ಲರ್ ನೋಡಿಕೊಳ್ಳುವವನಾದ, ಮದುವೆಯಾಗಿ ಒಂದು ಮಗುವೂ ಆಯಿತು.

ಚಾದರ ಮಡಚುವುದು ಇಬ್ಬರ ಕೆಲಸ ನೋಡಿ. ಎಳೆಯುವಾಗ ಇಬ್ಬರೂ ಒಟ್ಟಿಗೆ ಉಸಿರೆಳೆದುಕೊಳ್ಳಬೇಕು, ಸಡಿಲಿಸುವಾಗ ಒಟ್ಟಿಗೆ ಬಿಡಬೇಕು. ಇಲ್ಲದಿದ್ದರೆ ಸುಕ್ಕು ಬೀಳುತ್ತದೆ. "ಎಳಿ... ಬಿಡು..." ಎಂದು ಅಕ್ಕ ಹೇಳತೊಡಗಿದರೆ ಎಂಥ ಹೊಸಬರೂ ದಾರಿಗೆ ಬರುತ್ತಿದ್ದರು. ತಮ್ಮ ಕಲಿತ ಮೊದಲ ಕೆಲಸವೂ ಅದೇ, ಅವಳೆದುರು ನಿಂತು.

ಆ ತಮ್ಮನ ಮೇಲೆ ಹಬೆಯ ಕೊಳವೆ ಸಿಡಿಯಿತು.

ಎದೆ, ಕುತ್ತಿಗೆ, ಎರಡೂ ಕೈ ಬೆಂದುಹೋದವು. ಆಸ್ಪತ್ರೆಯಲ್ಲಿ ಉಸಿರು, ಎದೆಬಡಿತ ಅಳೆಯುವ ವಯರು ಅಂಟಿಸೋಣವೆಂದರೆ ಎದೆಯ ಮೇಲೆ ಚರ್ಮವೇ ಇರಲಿಲ್ಲ. ಅದಕ್ಕೇ ಮಂಚದ ಮೇಲ್ಗಡೆ ಒಂದು ಪುಟ್ಟ ಬಿಳಿ ಪೆಟ್ಟಿಗೆ ಕೂರಿಸಿದ್ದರು.

"ಇದು ರೇಡಾರ್ ಅಮ್ಮಾ," ಎಂದಿದ್ದಳು ನರ್ಸು. "ವಿಮಾನ ಎಲ್ಲಿದೆ ಅಂತ ನೋಡ್ತಾರಲ್ಲ, ಆ ಥರದ್ದು. ಮೈ ಮುಟ್ಟೋದೇ ಬೇಡ, ಎದೆ ಒಂಚೂರು ಏರಿಳಿದ್ರೂ ಗೊತ್ತಾಗತ್ತೆ. ನೀವು ಮಾತ್ರ ಈ ಹಳದಿ ಗೆರೆ ದಾಟಬೇಡಿ."

ಗೆರೆ ಎಳೆದದ್ದು ಸೋಂಕಿನ ಭಯಕ್ಕೆ ಎಂದುಕೊಂಡಳು ಅಕ್ಕ. ಅದರ ಈಚೆಗೇ ಕೂತು ಸ್ಕ್ರೀನಿನ ಮೇಲಿನ ಉಸಿರಿನ ಲೆಕ್ಕವನ್ನೇ ನುಂಗುವಂತೆ ನೋಡಿದಳು. ಹನ್ನೊಂದು. ಹತ್ತು. ನರ್ಸು ಪಕ್ಕದ ಕೋಣೆಗೆ ಓಡಿದ್ದಳು. ಇನ್ನು ತಡೆಯಲಾಗಲಿಲ್ಲ. ಮುಖಗವಸು ಬಿಗಿಮಾಡಿಕೊಂಡು ಸ್ಟೂಲನ್ನು ಗೆರೆಯಾಚೆ ಎಳೆದುಕೊಂಡು ಕೂತು ತಮ್ಮನ ಮೇಲೆ ಬಾಗಿದಳು.

"ಪುಟ್ಟಾ, ಅಕ್ಕನ ಜೊತೆ ಬಾರೋ. ಎಳಿ... ಬಿಡು... ಎಳಿ..."

ತಾನೂ ಎದೆ ತುಂಬ ಎಳೆದಳು, ಬಿಟ್ಟಳು. ಸ್ಕ್ರೀನಿನಲ್ಲಿ ಹದಿನಾಲ್ಕಾಯಿತು. ಹದಿನಾರಾಯಿತು! ಕೆಳಗಡೆ ಮಗುವಿಗೆ ಹಾಲು ಕುಡಿಸುತ್ತಿದ್ದ ತಮ್ಮನ ಹೆಂಡತಿಗೆ ಕೂತಲ್ಲಿಂದಲೇ ಫೋನು ಮಾಡಿದಳು. "ಅಳು ನಿಲ್ಸೇ ಹುಚ್ಚೀ! ಹದಿನಾರಕ್ಕೆ ಬಂದ. ನನ್ನ ಮಾತು ಯಾವತ್ತಾದ್ರೂ ಮೀರಿದಾನಾ ಅವನು?" ಫೋನು ಪಕ್ಕಕ್ಕಿಟ್ಟು ಮತ್ತೆ ಬಾಗಿದಳು. ಎಳಿ, ಬಿಡು.

ನರ್ಸು ಬಂದವಳು ಬಾಗಿಲಲ್ಲೇ ಚೀರಿದಳು. "ಅಮ್ಮಾ! ಈಚೆ ಬನ್ನಿ!"

"ನೋಡು ಸಿಸ್ಟರ್, ಹೇಗೆ ಏರಿದೆ!"

"ಅದು ಅವರದ್ದಲ್ಲ ಅಮ್ಮಾ. ಅಡ್ಡ ಬಂದೋರ ಎದೆನೇ ಎಣಿಸ್ತಿದೆ ಅದು. ಆ ಉಸಿರು ನಿಮ್ದು."

ಅಕ್ಕ ಸ್ಟೂಲು ಬಿಡಲಿಲ್ಲ. "ಹಾಗಾದ್ರೆ ಉಸಿರು ಬಿಗಿ ಹಿಡೀತೀನಿ. ಇಲ್ಲೇ ಇರ್ತೀನಿ."

"ಎದೆಬಡಿತಾನೂ ನೋಡತ್ತೆ. ಅದನ್ನ ನಿಲ್ಲಿಸ್ತೀರಾ?"

"ಅವನಿಗೆ ಕೊಡೋಕಾಗೋದಾದ್ರೆ ಈಗ್ಲೇ ನಿಲ್ಲಿಸ್ತಿದ್ದೆ."

ನರ್ಸು ತೋಳು ಹಿಡಿದು ಅವಳನ್ನು ಹೊರಗೆ ಬಿಟ್ಟಳು. ಗಾಜಿನಾಚೆ ಸ್ಕ್ರೀನು ಖಾಲಿಯಾಯಿತು, ಮಿಟುಕಿತು, ಮತ್ತೆ ಅಂಕಿ ಮೂಡಿತು. ಏಳು. ನರ್ಸು ಡಾಕ್ಟರನ್ನು ಕೂಗಿದಳು.

ಅವನು ಜಾರುತ್ತಿದ್ದಷ್ಟು ಹೊತ್ತೂ ತಾನೇ ಅಡ್ಡ ಕೂತು ಮರೆಮಾಡಿದೆ ಎಂದು ಅಕ್ಕನಿಗೆ ಆಗ ಹೊಳೆಯಿತು.

ಅಷ್ಟರಲ್ಲಿ ತಮ್ಮನ ಹೆಂಡತಿ ಮಗುವನ್ನೆತ್ತಿಕೊಂಡು ಏದುಸಿರು ಬಿಡುತ್ತ ಬಂದಳು. ಮುಖ ಅರಳಿತ್ತು. "ಅತ್ತಿಗೆ, ನಿಮ್ಮ ಬಾಯಿಗೆ ಸಕ್ಕರೆ ಹಾಕ್ತೀನಿ! ಹದಿನಾರಲ್ವಾ?"

"ಹದಿನಾರು ನಂದು ಕಣೇ."

"ಏನು ನಿಮ್ದು?"

"ಉಸಿರು. ಅವನದು ಏಳೇ."

ಅವಳು ಮಗುವನ್ನು ಅಕ್ಕನ ಕೈಗೆ ತುರುಕಿ ಗಾಜಿಗೆ ಹಣೆ ಒತ್ತಿದಳು. "ಈಗ ತೋರಿಸ್ತಿರೋದು ಅವರದ್ದೇ ತಾನೆ?"

"ಅವನದೇ."

"ಹಾಗಾದ್ರೆ ನೀವು ಒಳಗೆ ಹೋಗಬೇಡಿ ಅತ್ತಿಗೆ. ನಿಮ್ಮ ಕಾಲಿಗೆ ಬೀಳ್ತೀನಿ, ಹೋಗಬೇಡಿ."

"ಹೋಗಲ್ಲ ಕಣೇ."

ಒಳಗೆ ಡಾಕ್ಟರು ಗಂಟಲಿಗಿಳಿಸುವ ಉಸಿರಿನ ಕೊಳವೆ ಹಿಡಿದು ಮಂಚದತ್ತ ಬಂದರು.

"ಆರು," ಎಂದಳು ತಮ್ಮನ ಹೆಂಡತಿ.

ಡಾಕ್ಟರ ಬೆನ್ನು ಸ್ಕ್ರೀನಿಗೆ ಅಡ್ಡ ಬಂತು.

"ಅತ್ತಿಗೆ, ಕಾಣ್ತಿಲ್ಲ. ನಿಮಗೆ ಕಾಣ್ತಿದೆಯಾ?"

"ಇಲ್ಲ ಕಣೇ," ಎಂದಳು ಅಕ್ಕ, "ನನಗೂ ಕಾಣ್ತಿಲ್ಲ."