ಹೆಂಗಸರು ಹಾಡಕೂಡದೆಂಬ ಅಪ್ಪಣೆ ಬಂದ ಮೇಲೆ

ನಂಜನಗೂಡಿನ ಪಕ್ಕದ ಹಳ್ಳಿಗೆ ನನ್ನನ್ನು ಸೊಸೆಯಾಗಿ ತಂದದ್ದೇ ನನ್ನ ಕಂಠ ನೋಡಿ. ಮಾವನವರು ಅಲ್ಲಿಯ ಕ್ರೈಸ್ತ ಗುಡಿಯಲ್ಲಿ ಉಪದೇಶಿ. ಮಕ್ಕಳಿಗೆ ಜಪ ಕಲಿಸುವುದು, ಪೂಜೆಯಲ್ಲಿ ಹಾಡಿಸುವುದು ಅವರ ಕೆಲಸ. ತಿ. ನರಸೀಪುರದಲ್ಲಿ ನಮ್ಮಜ್ಜಿ ತೀರಿಕೊಂಡಾಗ ಬಂದಿದ್ದವರು ನನ್ನ ಹಾಡು ಕೇಳಿ, ಬೇರೇನೂ ವಿಚಾರಿಸದೆ ಹೆಣ್ಣು ಕೇಳಿದರಂತೆ.

ಮದುವೆಯಾದ ಹೊಸತರಲ್ಲಿ ಭಾನುವಾರ ಬಂತೆಂದರೆ ನನಗೆ ಹಬ್ಬ. ಹಾಡುವವರ ಸಾಲಿನ ಮುಂದೆ ನಿಂತು ನಾನು ಕನ್ನಡದ ಹಾಡು ಎತ್ತಿಕೊಡುತ್ತಿದ್ದೆ. ಮೈದುನ ಡೋಲು ಬಾರಿಸುತ್ತಿದ್ದ.

ಮಳೆಗಾಲ ಕಳೆಯುವಷ್ಟರಲ್ಲಿ ಅಪ್ಪಣೆ ಬಂತು. ಹಾಡುಪೂಜೆ ಇನ್ನು ಲತೀನ್ ಭಾಷೆಯಲ್ಲೇ, ತಾಳವಿಲ್ಲದ ಹಳೆಯ ಧಾಟಿಯಲ್ಲೇ ನಡೆಯಬೇಕು. ಡೋಲು ಒಳಗೆ ಬರಕೂಡದು. ಹಾಡುವವರ ಸಾಲಿನಲ್ಲಿ ಹೆಂಗಸರು ನಿಲ್ಲಕೂಡದು.

ಮಾವನವರು ನನ್ನ ಮುಖ ನೋಡದೆ ಹೇಳಿದರು: "ನಿನ್ ತಪ್ಪೇನಿಲ್ಲ ಕಣವ್ವ. ಅಪ್ಪಣೆ ರೋಮಾಪುರಿ ಜಗದ್ಗುರುಗಳಿಂದ್ಲೇ ಬಂದದೆ."

ನನ್ನ ಜಾಗಕ್ಕೆ ನನ್ನ ಗಂಡನನ್ನು ನಿಲ್ಲಿಸಿದರು. ನಾನು ಹೆಂಗಸರ ಚಾಪೆಯ ಮೇಲೆ ಕೂತು ಸೆರಗಿನ ತುದಿ ಹೊಸೆಯುತ್ತಿದ್ದೆ. ಮನೆಯಲ್ಲೂ ನಿಂತ ಕಡೆ ನಿಲ್ಲಲಾಗುತ್ತಿರಲಿಲ್ಲ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಿದ್ದೆ.

ಸಂಜೆ ಹೊತ್ತು ಪಾದ್ರಿಗಳು ಗಂಡಸರಿಗೆ ಹೊಸ ಪಾಠ ಹೇಳುತ್ತಿದ್ದರು. ನಮ್ಮ ಮನೆ ಗುಡಿಗೆ ಅಂಟಿಕೊಂಡೇ ಇದ್ದುದರಿಂದ ಎಲ್ಲವೂ ನನ್ನ ಕಿವಿಗೆ ಬೀಳುತ್ತಿತ್ತು. ಒಂದು ದಿನ ನನ್ನ ಗಂಡ ದನಕ್ಕೆ ಹುಲ್ಲು ಹಾಕುತ್ತಾ ಅದನ್ನೇ ಗುನುಗಿ, ನಡುವೆ ತಡವರಿಸಿದರು. ರಾಗಿ ಬೀಸುತ್ತಿದ್ದ ನಾನು ಉಳಿದದ್ದನ್ನು ಹಾಡಿ ಮುಗಿಸಿಬಿಟ್ಟೆ. ಬೈಯುತ್ತಾರೇನೋ ಎಂದು ಬೀಸುವ ಕಲ್ಲು ಹಿಡಿದು ಕೂತೆ.

"ಇನ್ನೊಂದ್ಸಲ ಹೇಳು," ಎಂದರು. "ಮೆಲ್ಗೆ."

ಅಂದಿನಿಂದ ಅವರಿಗೆ ನಾನೇ ಹೇಳಿಕೊಟ್ಟೆ. ಯೇಸುಸ್ವಾಮಿ ಮತ್ತೆ ಎದ್ದುಬಂದ ಪಾಸ್ಕ ಹಬ್ಬದ ದಿನ ಅವರು ಹಾಡಿದಾಗ ಪಕ್ಕದವಳು, ನಿನ್ನ ಗಂಡನ ಕಂಠ ಎಷ್ಟು ಚೆನ್ನ ಎಂದಳು. ಹಿಗ್ಗೂ ಆಯಿತು, ಹೊಟ್ಟೆಯೂ ಉರಿಯಿತು. ಎಳೆದು ಹಾಡಿ ಎಂದು ನಾನು ತಿದ್ದಿದ್ದ ಕಡೆಯೇ ಅವರು ಮೊಟಕು ಮಾಡಿದಾಗ ಎದ್ದು ಹಾಡಿಬಿಡಬೇಕೆನಿಸಿ, ಚಾಪೆಯ ಅಂಚನ್ನು ಹಿಡಿದುಕೊಂಡೆ.

ಆ ದಿನ ಹಬ್ಬದ ಊಟಕ್ಕೂ ಕೂರದೆ ಅಂಗಳ ಗುಡಿಸುತ್ತಲೇ ಇದ್ದೆ. ಮಾವನವರು ಏನು ಕಂಡರೋ, ಮಾರನೆಯ ಬೆಳಿಗ್ಗೆ ಪಾದ್ರಿಗಳ ಬಳಿ ಹೋಗಿ ಬಂದರು. ಸಾಲಿನಲ್ಲಿ ನಿಲ್ಲುವಂತಿಲ್ಲ, ಆದರೆ ಪಾದ್ರಿಗಳು ಹಾಡಿದ್ದಕ್ಕೆ ಜನರೆಲ್ಲ ಸೇರಿ ಉತ್ತರ ಹಾಡಬೇಕೆಂದು ಆ ಅಪ್ಪಣೆಯೇ ಬಯಸುತ್ತದಂತೆ, ಅದರಲ್ಲಿ ಹೆಂಗಸರೂ ಸೇರಬಹುದಂತೆ.

"ಅವ್ರಿಗೆಲ್ಲ ನೀನೇ ಕಲ್ಸವ್ವ," ಎಂದರು.

ಕಲಿಸಿದೆ. ಮುಂದಿನ ಹಾಡುಪೂಜೆಯಲ್ಲಿ ಪೀಠದಿಂದ ಪಾದ್ರಿಗಳು ಹಾಡು ಎತ್ತಿದೊಡನೆ ನಮ್ಮ ಚಾಪೆಯಿಂದ ಉತ್ತರ ಹೋಯಿತು. ಗಂಡಸರು ತಿರುಗಿ ನೋಡಿದರು. ನಾನು ದನಿ ಇನ್ನೂ ಏರಿಸಿದೆ. ಆದರೆ ಆ ನಾಲ್ಕು ಮಾತು ಎಷ್ಟು ಹೊತ್ತು? ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮುಗಿಯಿತು.

ಮನೆಗೆ ಬಂದ ಮೇಲೆ ನನ್ನ ಗಂಡ ಮುಂದಿನ ಹಬ್ಬದ ಹಾಡು ಹೇಳಿಕೊಡೆಂದರು. ನಾಳೆ ನೋಡೋಣ ಎಂದು, ಮನೆಯಲ್ಲಿ ನೀರಿದ್ದರೂ ಕೊಡ ಎತ್ತಿಕೊಂಡು ಕಪಿಲಾ ಹೊಳೆಯ ಕಡೆ ನಡೆದೆ.