ಮಂತ್ರಿಗಳು ಆಡದ ಎರಡು ಮಾತು

ಆ ಸುಳ್ಳನ್ನು ಹೇಳಿದ್ದು ಮಂತ್ರಿಗಳಲ್ಲ, ನಾನು. ನಾರಾಯಣಪೇಟೆಯ ಮಗ್ಗದ ಓಣಿಗಳಲ್ಲಿ ಇವತ್ತಿಗೂ ಯಾರ ಹೆಸರೆತ್ತಿದರೆ ಜನ ಕ್ಯಾಕರಿಸಿ ಉಗುಳುತ್ತಾರೋ, ಆ ಮನುಷ್ಯನ ಬಾಯಿಗೆ ಸುಳ್ಳು ತುರುಕಿದವನು ನಾನು — ಮಕ್ತಲ್‌ನಲ್ಲಿ ಹುಟ್ಟಿ, ನಾರಾಯಣಪೇಟೆಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವನು. ಸತ್ತವರ ಮಾತು ಈಗೇಕೆ, ಸುಮ್ಮನಿರಿ ಎಂದು ಗೆಳೆಯರು ಬುದ್ಧಿ ಹೇಳುತ್ತಾರೆ. ಸುಮ್ಮನಿದ್ದೇ ಇಷ್ಟು ವರ್ಷ ಕಳೆದಿದ್ದೇನೆ. ಇನ್ನು ಇರುವುದಿಲ್ಲ. ಯಾರಿಗೆ ಏನನ್ನಿಸಿದರೂ ಅನ್ನಿಸಲಿ.

ತೆಲಂಗಾಣ ಬೇರೆ ರಾಜ್ಯವಾದ ಹೊಸತು. ದೆಹಲಿಯ ಆ ಮಂತ್ರಿಗಳು — ಹೆಸರು ಬರೆಯುವುದಿಲ್ಲ — ಮಗ್ಗದವರಿಗಾಗಿ ಹೊಸ ಪದ್ಧತಿಯೊಂದನ್ನು ತಂದಿದ್ದರು. ಅದುವರೆಗೆ ಸರ್ಕಾರದ ಅಗ್ಗದ ನೂಲು ನೇಕಾರರ ಸಂಘಗಳಿಗೆ ಬರುತ್ತಿತ್ತು. ಸಂಘಗಳೋ ಸಾಹುಕಾರರ ಕೈಯಲ್ಲಿ. ಇಲ್ಲದ ಮಗ್ಗಗಳ ಹೆಸರಿನಲ್ಲಿ ನೂಲು ಎತ್ತಿ ಹೊರಗೆ ಮಾರಿಕೊಳ್ಳುತ್ತಿದ್ದರು. ನಿಜವಾಗಿ ನೇಯುವವರು ಅದೇ ಸಾಹುಕಾರರ ಬಾಗಿಲಲ್ಲಿ ನಿಂತು, ಅವರು ಕೊಟ್ಟ ನೂಲನ್ನು ಕೂಲಿಗೆ ನೇಯಬೇಕಿತ್ತು. ಇದನ್ನು ನಿಲ್ಲಿಸುತ್ತೇನೆ, ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತವರ ಕೈಗೇ ನೂಲು ಕೊಡುತ್ತೇನೆ ಎಂದರು ಮಂತ್ರಿಗಳು. ಸಾಹುಕಾರರಿಗೆ ಅಷ್ಟೇ ಸಾಕಾಯಿತು. ದೇಶದ ತುಂಬ ಅವರು ಹೋದಲ್ಲೆಲ್ಲ ಕಪ್ಪು ಬಾವುಟ, ಧಿಕ್ಕಾರ. ಆದರೂ ಊರೂರಿಗೆ ಹೋಗಿ ನೇಕಾರರ ಮುಂದೆ ನಿಲ್ಲುವುದನ್ನು ಅವರು ಬಿಡಲಿಲ್ಲ. ಅವರು ಹಿಡಿದ ಕೆಲಸ ಸರಿಯಾದದ್ದು — ಅಂದೂ ಹಾಗೆಂದೆ, ಇಂದೂ ಅನ್ನುತ್ತೇನೆ, ಯಾರ ಮುಂದೆ ಬೇಕಾದರೂ ಅನ್ನುತ್ತೇನೆ.

ಅವರು ದೇಶದ ಪೂರ್ವದ ಕಡೆಯವರು. ತೆಲುಗು ಬಾರದು, ಹಿಂದಿಯೂ ಅಷ್ಟಕ್ಕಷ್ಟೇ, ಮಾತೆಲ್ಲ ಇಂಗ್ಲಿಷಿನಲ್ಲಿ. ನಾರಾಯಣಪೇಟೆಯ ಸಭೆಗೆ ಬಂದವರಲ್ಲಿ ಹೆಚ್ಚಿನವರು ಮನೆಯಲ್ಲಿ ಕನ್ನಡವಾಡುವ ಹೆಂಗಸರು. ಪೇಟೆಯಲ್ಲಿ ತೆಲುಗು ಮಾತಾಡಿದರೂ ನೋವಾದರೆ ಕನ್ನಡದಲ್ಲೇ ನರಳುವವರು. ಹಾಗಾಗಿ ಮಾತನ್ನು ಕನ್ನಡಕ್ಕೆ ತಿರುಗಿಸಲು ನನ್ನನ್ನು ಕರೆದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದೆ. ಒಣ ಜಂಬ ನನಗೆ ಕಡಿಮೆಯೇನಿರಲಿಲ್ಲ.

ಮಂತ್ರಿಗಳು ಹೇಳಿದ್ದು ಇಷ್ಟು. ಮಗ್ಗಗಳನ್ನು ಎಣಿಸಲು ಒಂದು ವರ್ಷ ಹಿಡಿಯುತ್ತದೆ, ಆ ವರ್ಷ ಸರ್ಕಾರದ ನೂಲು ಬರುವುದಿಲ್ಲ. ಕಷ್ಟವಾಗುತ್ತದೆ, ನನ್ನನ್ನು ಶಪಿಸುತ್ತೀರಿ. ಅಲ್ಲಿಯವರೆಗೆ ಸಾಹುಕಾರರೊಡನೆ ಕೆಡಿಸಿಕೊಳ್ಳಬೇಡಿ, ಅವರು ಕೊಟ್ಟ ನೂಲನ್ನೇ ನೇಯುತ್ತಿರಿ. — ಯಾವ ಮಂತ್ರಿ ಹೀಗೆ ಬಾಯಿಬಿಟ್ಟು ಹೇಳುತ್ತಾನೆ, ನೀವೇ ಹೇಳಿ. ನಾನು ಜನರ ಕಡೆ ನೋಡಿದೆ. ಮುಖಗಳೆಲ್ಲ ಬಿಗಿದುಕೊಂಡಿದ್ದವು. ಹಿಂದೆ ಸಾಹುಕಾರರ ಆಳುಗಳು ಗಲಾಟೆಗೆ ನೆಪ ಹುಡುಕುತ್ತಿದ್ದರು. ಇದ್ದದ್ದನ್ನು ಹೇಳಿದರೆ ಸಭೆ ಕೆಡುತ್ತದೆ, ಒಳ್ಳೆಯ ಕೆಲಸ ಹಾಳಾಗುತ್ತದೆ — ಹೀಗಂದುಕೊಂಡೆನೋ, ಇಲ್ಲಾ ನನಗೊಂದು ಚಪ್ಪಾಳೆ ಬೇಕಿತ್ತೋ... ಬೇಕಿತ್ತು. ಮೈಕು ಹಿಡಿದು ಹೇಳಿಯೇಬಿಟ್ಟೆ:

"ಯಾರಿಗೂ ತ್ರಾಸ ಆಗಂಗಿಲ್ರಿ. ಬರೋ ತಿಂಗಳದಿಂದ ನೂಲು ನಿಮ್ಮ ಮನಿ ಬಾಗಲಿಗೇ ಬರತೈತಿ. ಇನ್ನ ಯಾವ ಸಾಹುಕಾರನ ಮುಂದೂ ಕೈ ಚಾಚಬ್ಯಾಡ್ರಿ."

ಎಂಥ ಚಪ್ಪಾಳೆ ಅದು! ಮಂತ್ರಿಗಳು ಬೆರಗಾದರು. ಕಷ್ಟದ ಮಾತಿಗೆ ಹೀಗೆ ಚಪ್ಪಾಳೆ ತಟ್ಟುವ ಜನರನ್ನು ನಾನೆಲ್ಲೂ ಕಂಡಿಲ್ಲ ಎಂದು ನನ್ನ ಭುಜ ತಟ್ಟಿದರು. ಆ ಮಾತನ್ನು ನಾನು ಕನ್ನಡಕ್ಕೆ ತಿರುಗಿಸಲಿಲ್ಲ.

ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ನನ್ನದು ಹೋಗಲಿಲ್ಲ, ನಮ್ಮ ಓಣಿಯ ನೀಲವ್ವನ ಮನೆ ಹೊಕ್ಕಿತು. ಗಂಡನಿಲ್ಲದವಳು, ಒಂದೇ ಮಗ್ಗದ ಮೇಲೆ ಮನೆ ನಡೆಸುತ್ತಿದ್ದವಳು. ಮರುದಿನವೇ ಸಾಹುಕಾರನ ನೂಲಿನ ಗಂಟನ್ನು ಅವನ ಕಟ್ಟೆಯ ಮೇಲೆ ಒಗೆದು, ಇನ್ನು ನಿನ್ನ ಹಂಗಿಲ್ಲ ಎಂದು ಬಂದಳು. ತಿಂಗಳು ಕಳೆಯಿತು, ನೂಲಿಲ್ಲ. ಮಳೆಗಾಲವೂ ಕಳೆಯಿತು. ಸಾಹುಕಾರ ಅವಳನ್ನು ಮತ್ತೆ ಹತ್ತಿರ ಸೇರಿಸಲಿಲ್ಲ. ಮಗ್ಗಕ್ಕೆ ಹಳೆಯ ಸೀರೆ ಹೊದಿಸಿ, ರಾಯಚೂರಿನ ಹತ್ತಿ ಮಿಲ್ಲಿಗೆ ಕೂಲಿಗೆ ಹೋದಳು. ಊರಿಗೆ ಬಂದಾಗಲೆಲ್ಲ ನನ್ನನ್ನು ನಿಲ್ಲಿಸಿ, ನಿಮ್ಮ ಮಂತ್ರಿ ನಮ್ಮ ಕುತ್ತಿಗೆ ಕೊಯ್ದ ಸಾರ್ ಎನ್ನುತ್ತಿದ್ದಳು. ನಾನು ಹೂಂ ಎನ್ನುತ್ತಿದ್ದೆ. ಹೂಂ ಎಂದೆನಲ್ಲ — ನನ್ನ ನಾಲಿಗೆಗೆ ಹುಳ ಬೀಳಲಿ!

ಆಮೇಲೆ ನಾರಾಯಣಪೇಟೆ ಬೀದಿಗಿಳಿಯಿತು. ಮಂತ್ರಿಗಳ ಪ್ರತಿಕೃತಿ ಸುಟ್ಟರು, ಅಂಗಡಿ ಮುಚ್ಚಿಸಿದರು. ಅವರು ಹೆದರಿ ದೆಹಲಿಯಲ್ಲಿ ಕೂರಲಿಲ್ಲ, ಬಂದೇ ಬಂದರು. ಚೌರಸ್ತಾದಲ್ಲಿ ಜನ ಜೀಪನ್ನು ಮುತ್ತಿದರು. ಎಲ್ಲರಿಗಿಂತ ಮುಂದೆ ನೀಲವ್ವ. ಮಂತ್ರಿಗಳು ಜೀಪಿನ ಮೇಲೆ ನಿಂತು, ಮಾತು ತಿರುಗಿಸಲು ನನ್ನನ್ನೂ ಹತ್ತಿಸಿಕೊಂಡು, ಒಂದೇ ಪ್ರಶ್ನೆ ಕೇಳಿದರು — ಕಷ್ಟವಾಗುತ್ತದೆ ಎಂದು ಇದೇ ಊರಲ್ಲಿ ನಿಂತು ನಾನು ಮೊದಲೇ ಹೇಳಿರಲಿಲ್ಲವೇ? ಇದನ್ನು ಅವರಿಗೆ ಹೇಳು ಎಂದರು.

ಹೇಳಿದರೆ ನನ್ನ ಬಣ್ಣ ಬಯಲು. ನಾನು ಹೇಳಿದ್ದು: "ತಪ್ಪಾಗೇತಿ, ಹೊಟ್ಟ್ಯಾಗ ಹಾಕ್ಕೋರಿ ಅಂತಾರ್ರಿ."

ಕಳ್ಳ ಒಪ್ಪಿಕೊಂಡ ಎಂದು ಜನ ಹುಯ್ಯೆಂದರು. ಚಪ್ಪಲಿಗಳು ಬಂದವು. ಮಂತ್ರಿಗಳು ಜನರನ್ನು ನೋಡಲಿಲ್ಲ, ನನ್ನನ್ನು ನೋಡಿದರು. ತಾವು ಕೇಳಿದ ಪ್ರಶ್ನೆಗೆ ಇದೆಂಥ ಉತ್ತರ ಎಂದು ತಿಳಿಯದೆ... ಆ ಮುಖ — ಬೇಡ, ಬರೆಯಲಾರೆ. ಕೆಲವೇ ದಿನಗಳಲ್ಲಿ ಅವರ ಮಂತ್ರಿಗಿರಿ ಹೋಯಿತು. ಮುಂದೆ ಅವರೂ ಹೋದರು.

ಅವರ ಪದ್ಧತಿ ಮಾತ್ರ ಉಳಿಯಿತು, ಅವರು ಹೇಳಿದ ವರ್ಷ ತುಂಬಿದ ಮೇಲೆ ನೂಲು ಬಂತು. ನೀಲವ್ವನೂ ಮಿಲ್ಲು ಬಿಟ್ಟು ಮಗ್ಗಕ್ಕೆ ಮರಳಿದಳು. ಇವತ್ತಿಗೂ ನೂಲು ಬರುತ್ತಿದೆ. ನಾರಾಯಣಪೇಟೆಯವರೇ, ಆ ನೂಲನ್ನು ನೇಯುತ್ತಲೇ ಅವರನ್ನು ಬೈಯುತ್ತೀರಿ. ಬೈಯಿರಿ, ಆದರೆ ಬೈಯಬೇಕಾದ್ದು ನನ್ನನ್ನು. ನಮ್ಮಂತೆಯೇ ಮಗ್ಗದ ಊರಾದ ಗದ್ವಾಲದಲ್ಲಿ ಇನ್ನೊಬ್ಬರು ಅದೇ ಭಾಷಣವನ್ನು ಇದ್ದದ್ದು ಇದ್ದ ಹಾಗೆ ತೆಲುಗಿಗೆ ತಿರುಗಿಸಿದ್ದರು. ಅಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಗೊಣಗಿಕೊಂಡು ಮನೆಗೆ ಹೋದರು, ಸಾಹುಕಾರರ ನೂಲನ್ನೇ ನೇಯ್ದು ವರ್ಷ ದೂಡಿದರು. ಪ್ರತಿಕೃತಿ ಸುಡಲಿಲ್ಲ. ಇದು ನನಗೆ ಆಗಲೇ ಗೊತ್ತಿತ್ತು, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ.

ಕಳೆದ ವಾರ ನೀಲವ್ವನ ಮನೆಗೆ ಹೋಗಿ ಎಲ್ಲ ಹೇಳಿದೆ. ಎಳೆದು ಹೊರಗೆ ಹಾಕುತ್ತಾಳೆ ಎಂದುಕೊಂಡೇ ಹೋಗಿದ್ದೆ. ಅವಳು ಲಾಳಿಯನ್ನು ಕೈಯಲ್ಲೇ ಹಿಡಿದು ಕೊನೆಯವರೆಗೂ ಕೇಳಿದಳು. ಬೈಯಲಿಲ್ಲ, ಅಳಲಿಲ್ಲ.

"ವರ್ಷ ಅಂದಿದ್ರ ವರ್ಷ ಕಾಯ್ತಿದ್ವಿ, ಸಾರ್" ಎಂದಳು. "ನಮಗ ಕಾಯಾಕ ಬರಂಗಿಲ್ಲ ಅಂತ ನೀವ್ಯಾಕ ತಿಳಕೊಂಡ್ರಿ?"

ಬರುವ ಸೋಮವಾರ ಸಂತೆಯ ಹೊತ್ತಿಗೆ ಚೌರಸ್ತಾದಲ್ಲಿ ನಿಂತು, ಮಂತ್ರಿಗಳು ಅಂದು ಆಡಿದ್ದೇನು, ನಾನು ಹೇಳಿದ್ದೇನು ಎಂದು ಕೂಗಿ ಹೇಳುತ್ತೇನೆ. ನೀಲವ್ವನೂ ಬರುತ್ತಾಳಂತೆ. ನನಗೆ ಜೊತೆಯಾಗಲು ಅಲ್ಲ. ಈ ಸಲವಾದರೂ ಏನನ್ನೂ ಬಿಡದೆ ಹೇಳುತ್ತೇನೋ ಇಲ್ಲವೋ, ಮುಂದೆ ನಿಂತು ನೋಡಲು.