ತೆರೆಯದ ಪುಟಕ್ಕೆ ಮೂವತ್ತೊಂದು ಮೆಚ್ಚುಗೆ

ನವೆಂಬರ್ 15, ಶನಿವಾರ, ಬೆಳಿಗ್ಗೆ 9.10. ಬನ್ನಂಜೆಯ ನನ್ನ ಕೋಣೆಯಿಂದ ಜಯಂತಿ ಅಕ್ಕನಿಗೆ ಒಂದು ಲಿಂಕ್ ಕಳಿಸಿದೆ. ಡೈರಿಯಲ್ಲಿ ಬರೆದುಕೊಂಡೆ: ಕೆಲಸ ಮುಗಿಯಿತು.

ಮುಗಿದಿರಲಿಲ್ಲ.

ದೊಡ್ಡಮ್ಮನ ಮಗಳಾದ ಜಯಂತಿ ಅಕ್ಕ ಕಾಪುವಿನಲ್ಲಿ ಭರತನಾಟ್ಯದ ಡ್ರೆಸ್ ಹೊಲಿಯುತ್ತಾರೆ. ಕಾರ್ಕಳದ ಡ್ಯಾನ್ಸ್ ಟೀಚರ್ ಒಬ್ಬರಿಗೆ ಹದಿನೆಂಟು ಡ್ರೆಸ್ ಬೇಕಿತ್ತು. ಶನಿವಾರ ಹನ್ನೊಂದೂವರೆಗೆ ಮಕ್ಕಳ ತಾಯಂದಿರು ಸೇರುತ್ತಾರೆ, ಡಿಸೈನ್ ನೋಡಿ ಅಲ್ಲೇ ತೀರ್ಮಾನ ಎಂದಿದ್ದರು. ಅಕ್ಕನಿಗೆ ಇಷ್ಟು ದೊಡ್ಡ ಆರ್ಡರ್ ಇದೇ ಮೊದಲು. ಹಾಗಾಗಿ ವೆಬ್ ಪೇಜ್ ಮಾಡುವ ಕೆಲಸ ನನಗೆ ಬಂತು. (ಮಣಿಪಾಲದಲ್ಲಿ ಆರು ವಾರ ಕೋರ್ಸ್ ಮಾಡಿದವನು ನಮ್ಮಲ್ಲಿ ನಾನೊಬ್ಬನೇ.)

ಲ್ಯಾಪ್‌ಟಾಪಿನ ಕೋಡ್ ಎಡಿಟರಿನಲ್ಲಿ ಒಂದು ಸಾಲು ಬರೆಯುವುದು, ಸೇವ್ ಮಾಡುವುದು, ಪ್ರಿವ್ಯೂ ಬಟನ್ ಒತ್ತಿ ಬ್ರೌಸರಿನಲ್ಲಿ ನೋಡುವುದು. ನಾಲ್ಕು ದಿನದಲ್ಲಿ ಇದನ್ನು 212 ಸಲ ಮಾಡಿದ್ದೇನೆ. ಐದಕ್ಕೊಂದು ಅಡ್ಡಗೆರೆ ಎಳೆದು ಲೆಕ್ಕ ಇಟ್ಟಿದ್ದೇನೆ. ಕೊನೆಯ ಸಲ ಪುಟ ಅಚ್ಚುಕಟ್ಟಾಗಿತ್ತು. ಬ್ರೌಸರಿನ ಮೇಲಿದ್ದ ವಿಳಾಸವನ್ನೇ ಕಾಪಿ ಮಾಡಿ ಕಳಿಸಿದೆ.

ಅಕ್ಕ ಅದನ್ನು ಟೀಚರಿಗೂ ನಮ್ಮ ಫ್ಯಾಮಿಲಿ ಗ್ರೂಪಿಗೂ ಫಾರ್ವರ್ಡ್ ಮಾಡಿದರು. ಗ್ರೂಪಿನಲ್ಲಿರುವುದು 46 ಜನ. 9.14ಕ್ಕೆ ಉದ್ಯಾವರದ ಮಾವ: ‘ಲಾಯ್ಕ ಉಂಟು.’ ಅಂಬಲಪಾಡಿಯ ಚಿಕ್ಕಮ್ಮ: ‘ಸೂಪರ್! ಕಲರ್ ಎಲ್ಲ ಒಳ್ಳೆ ಬಂದಿದೆ.’ ಹತ್ತು ಗಂಟೆಯ ಹೊತ್ತಿಗೆ ಹೆಬ್ಬೆರಳು, ಚಪ್ಪಾಳೆ, ಹೂಗುಚ್ಛ ಎಲ್ಲ ಸೇರಿ ಮೂವತ್ತೊಂದು ಜನರ ಮೆಚ್ಚುಗೆ. ಅದನ್ನೂ ಬರೆದುಕೊಂಡೆ.

11.40ಕ್ಕೆ ಟೀಚರ ಫೋನ್.

‘ಪೇಜ್ ಮಾಡಿದ್ದು ನೀವಲ್ವಾ? ಎಂತ ಇದು, ಓಪನ್ನೇ ಆಗುವುದಿಲ್ಲ! ಇಲ್ಲಿ ಎಲ್ಲರೂ ಕಾಯ್ತಾ ಇದ್ದಾರೆ.’

‘ನೆಟ್ ಸ್ಲೋ ಇರಬಹುದು ಮೇಡಂ. ಬೆಳಿಗ್ಗೆಯಿಂದ ಮೂವತ್ತೊಂದು ಜನ ನೋಡಿದ್ದಾರೆ.’

‘ಹಾಗಾದ್ರೆ ಆ ಮೂವತ್ತೊಂದು ಜನರಿಗೇ ಡ್ರೆಸ್ ಹೊಲಿದು ಕೊಡಿ.’

ನನ್ನ ಫೋನಿನಲ್ಲಿ ತೆರೆದು ನೋಡಿದೆ. ಮೊದಲ ಸಲ. ‘ಈ ಪುಟ ಸಿಗುತ್ತಿಲ್ಲ’ ಎಂದಿತು. ಪ್ರಿವ್ಯೂ ಕೊಡುವ ಆ ವಿಳಾಸಕ್ಕೆ ‘ಈ ಯಂತ್ರದೊಳಗೇ ಹುಡುಕು’ ಎಂದಷ್ಟೇ ಅರ್ಥ. ನನ್ನ ಲ್ಯಾಪ್‌ಟಾಪ್ ತನ್ನೊಳಗೆ ಹುಡುಕಿತು, ಪುಟ ಅಲ್ಲೇ ಇತ್ತು. ಟೀಚರ ಫೋನೂ ತನ್ನೊಳಗೇ ಹುಡುಕಿತು. ಎಲ್ಲಿಂದ ಸಿಗಬೇಕು? ಪುಟವನ್ನು ನಾನು ಇಂಟರ್ನೆಟ್ಟಿಗೆ ಏರಿಸಿಯೇ ಇರಲಿಲ್ಲ.

ಏರಿಸಿ ಮುಗಿಸುವಾಗ 12.25. ಆರ್ಡರ್ ಮಂಗಳೂರಿನ ಒಂದು ಅಂಗಡಿಗೆ ಹೋಗಿಯಾಗಿತ್ತು.

ಸಂಜೆ ಕಾಪುವಿಗೆ ಹೋದೆ. ಅಕ್ಕ ಮೆಷಿನ್ ನಿಲ್ಲಿಸಲಿಲ್ಲ.

‘ನೀವಾದ್ರೂ ಒಮ್ಮೆ ಒತ್ತಿ ನೋಡಬಹುದಿತ್ತು ಅಕ್ಕ.’

‘ನೀನು ಮಾಡಿದ್ದಲ್ವಾ ಮಾರಾಯ, ಸರಿಯೇ ಇರ್ತದೆ ಅಂತ ಕಳಿಸಿದೆ.’ ಸೂಜಿಯಡಿ ಬಟ್ಟೆ ಸರಿಸುತ್ತಾ ಕೇಳಿದರು, ‘ಚಿಕ್ಕಮ್ಮನಿಗೆ ಯಾವ ಕಲರ್ ಕಂಡಿತಂತೆ?’

ಚಿಕ್ಕಮ್ಮನನ್ನು ದೂರುವ ಹಾಗಿಲ್ಲ. ಅವರು ಹಿಂದಿನ ವಾರ ಹಾಕಿದ ವಿಡಿಯೋಗೆ ನಾನೂ ಹೆಬ್ಬೆರಳು ಒತ್ತಿದ್ದೆ. ಅದು ಎಂತ ವಿಡಿಯೋ ಎಂದು ಇವತ್ತಿಗೂ ಗೊತ್ತಿಲ್ಲ.

ಡೈರಿಯಲ್ಲಿ ತಿದ್ದಿದ್ದೇನೆ: ನನ್ನ ಲ್ಯಾಪ್‌ಟಾಪಿನಲ್ಲಿ ನೋಡಿದ್ದು 212, ಬೇರೆಯವರ ಫೋನಿನಲ್ಲಿ ನೋಡಿದ್ದು ಸೊನ್ನೆ.

ಎಡಿಟರಿನ ಪ್ರಿವ್ಯೂವನ್ನು, ಇಂಟರ್ನೆಟ್ಟಿಗೆ ಏರಿಸುವ ಮೊದಲೇ, ಫೋನಿನಲ್ಲೂ ನೋಡುವ ದಾರಿ ಉಂಟಂತೆ. ಗೊತ್ತಿದ್ದವರು ದಯವಿಟ್ಟು ಬರೆದು ತಿಳಿಸಿ. ‘ಅಂಕಣ ಲಾಯ್ಕ ಉಂಟು’ ಎಂದಷ್ಟೇ ಬರೆಯಹೊರಟವರಿಗೆ ಒಂದು ಪ್ರಶ್ನೆ: ಇಲ್ಲಿಯವರೆಗೆ ಓದಿದಿರಾ?